ಪಾಲವಣಕರ ಅಣ್ಣತಮ್ಮಂದಿರು ಆಟ ಬಿಟ್ಟು ಹೊರಬಂದದ್ದು



1968ರ ಮೆಕ್ಸಿಕೋ ಒಲಿಂಪಿಕ್ಸಿನ ಆ ಫೋಟೋ ನಿಮ್ಮ ಮೊಬೈಲಿಗೂ ಬಂದಿರಬೇಕು. ಅಮೆರಿಕದ ಕಪ್ಪು ಜನಾಂಗದ ಓಟಗಾರರಾದ ಟಾಮಿ ಸ್ಮಿತ್, ಜಾನ್ ಕಾರ್ಲೋಸ್ ಪದಕ ಹಾಕಿಕೊಂಡು, ತಲೆ ತಗ್ಗಿಸಿ, ಮುಷ್ಟಿ ಎತ್ತಿ ನಿಂತ ಫೋಟೋ. ಅದನ್ನ ನಾವು ಸ್ಟೇಟಸ್ ಇಡ್ತೀವಿ, ಒಳ್ಳೇದೇ. ಆದ್ರ ಅದಕ್ಕೂ 48 ವರ್ಷ ಮೊದಲು ಮುಂಬೈಯಲ್ಲಿ ನಮ್ಮವರೇ ಇಬ್ಬರು, ಜಾತಿಯ ಅವಮಾನ ತಾಳದೆ ಕ್ರಿಕೆಟ್ ತಂಡ ಬಿಟ್ಟು ಹೊರಗೆ ಬಂದಿದ್ರು. ಅವರ ಹೆಸರು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು?

ದೊಡ್ಡಣ್ಣ ಬಾಳೂ ಪಾಲವಣಕರ. ಹುಟ್ಟಿದ್ದು ನಮ್ಮ ಧಾರವಾಡದಾಗ. ಮರಾಠಿಯೊಳಗ ಚಾಂಭಾರ ಅಂತಾರಲ್ಲ, ಆ ಸಮಾಜ. ಪುಣೆಯ ಕ್ರಿಕೆಟ್ ಕ್ಲಬ್ಬಿನಲ್ಲಿ ಪಿಚ್ ಗುಡಿಸಿ, ರೋಲರ್ ಎಳೆದು ತಿಂಗಳಿಗೆ ಮೂರು ನಾಲ್ಕು ರೂಪಾಯಿ ದುಡೀತಿದ್ದ ಹುಡುಗ. ಸಾಹೇಬರಿಗೆ ಪ್ರಾಕ್ಟೀಸ್ ಕೊಡ್ತಾ ಕೊಡ್ತಾನೇ ಎಡಗೈ ಸ್ಪಿನ್ ಪಳಗಿತು. ಹಿಂದೂ ತಂಡಕ್ಕೆ ಅವರ ವಿಕೆಟ್ ಬೇಕಿತ್ತು, ಪಂಕ್ತಿಯೊಳಗ ಅವರು ಬೇಕಿರಲಿಲ್ಲ. ಚಹಾ ಪೆವಿಲಿಯನ್ನಿನ ಹೊರಗೆ, ಕುಡಿದು ಬಿಸಾಡೋ ಮಣ್ಣಿನ ಕುಡಿಕೆಯಲ್ಲಿ. ಊಟ ಬೇರೆ. 1911ರಲ್ಲಿ ಇಂಗ್ಲೆಂಡಿಗೆ ಹೋದ ಭಾರತ ತಂಡದಲ್ಲಿ ಬಾಳೂ ಒಬ್ಬರೇ 114 ವಿಕೆಟ್ ತೆಗೆದರು. ಆದರೂ ಹಿಂದೂ ತಂಡದ ಕ್ಯಾಪ್ಟನ್ ಮಾಡಲಿಲ್ಲ. ಕ್ಯಾಪ್ಟನ್ ಆದ ಎಂ. ಡಿ. ಪೈ ತಾವೇ, ಈ ಗೌರವ ಬಾಳೂಗೆ ಸಲ್ಲಬೇಕಿತ್ತು ಅಂದಿದ್ದರು. ಅಂದರೂ ಕಮಿಟಿ ಕೇಳಲಿಲ್ಲ.

1920ರ ಪಂದ್ಯಾವಳಿಗೆ ಬಾಳೂ ಅವರನ್ನ ತಂಡದಿಂದಲೇ ಬಿಟ್ಟರು. ಪೈ ಕಾಯಿಲೆ ಬಿದ್ದಾಗ ಕ್ಯಾಪ್ಟನ್ ಪಟ್ಟ ತಮ್ಮ ವಿಠ್ಠಲನಿಗೆ ಬರಬೇಕಿತ್ತು. ತಂಡದ ದೊಡ್ಡ ಬ್ಯಾಟ್ಸ್‌ಮನ್ ಅವರೇ. ಕೊಟ್ಟದ್ದು ಪುಣೆಯ ಡಿ. ಬಿ. ದೇವಧರರಿಗೆ. ವಿಠ್ಠಲ, ಇನ್ನೊಬ್ಬ ತಮ್ಮ ಶಿವರಾಮ ಇಬ್ಬರೂ ಆಡೋದಿಲ್ಲ ಅಂದ್ರು. ಜಗಳ ಆಡಲಿಲ್ಲ, ಕಲ್ಲು ಎತ್ತಲಿಲ್ಲ. ಜಾತಿ ನೋಡಿ ನಮ್ಮನ್ನ ಹಿಂದಕ್ಕೆ ಹಾಕ್ಯಾರ ಅಂತ ಬಹಿರಂಗ ಹೇಳಿಕೆ ಕೊಟ್ಟು ಮನೀಗೆ ನಡೆದರು. ಯೋಚನೆ ಮಾಡ್ರಿ, ಆಟದ ಹೊರತು ಅವರ ಕೈಯಾಗ ಬೇರೆ ಏನಿತ್ತು? ಅದನ್ನೇ ಪಣಕ್ಕಿಟ್ಟರು.

ಊರಿನ ಮಂದಿ ಅವರ ಪರ ಮಾತಾಡಿದರು, ಕಮಿಟಿ ಬಗ್ಗಿತು. ಫೈನಲ್ಲಿಗೆ ಬಾಳೂ ಉಪನಾಯಕ, ತಮ್ಮಂದಿರೂ ವಾಪಸ್. ಆಟದ ನಡುವೆ ಪೈ ಬೇಕಂತಲೇ ಮೈದಾನ ಬಿಟ್ಟು ಹೊರಗೆ ಹೋದರು. ಅಷ್ಟು ಹೊತ್ತು ತಂಡ ನಡೆಸಿದವರು ಬಾಳೂ. ಆಗ ಅವರಿಗೆ ನಲವತ್ತು ದಾಟಿತ್ತು.

ಒಂದು ಮಾತು ಮುಚ್ಚಿಡೋದು ಬ್ಯಾಡ. 1937ರ ಚುನಾವಣೆಯಲ್ಲಿ ಬಾಳೂ ಕಾಂಗ್ರೆಸ್ಸಿನಿಂದ ಬಾಬಾಸಾಹೇಬರ ಎದುರು ನಿಂತು ಸೋತರು. ನಮ್ಮ ಸಭೆಗಳಲ್ಲಿ ಈ ಹೆಸರು ಕೇಳದಿರೋದಕ್ಕೆ ಅದೂ ಕಾರಣ ಇರಬಹುದು. ಆ ತಕರಾರು ನನಗೂ ಇದೆ. ಆದ್ರ ಅದಕ್ಕಾಗಿ 1920ನ್ನ ಅಳಿಸೋದು ಸರಿ ಅನಿಸೋದಿಲ್ಲ.

1923ರಲ್ಲಿ ವಿಠ್ಠಲ ಕ್ಯಾಪ್ಟನ್ ಆದರು. ಯುರೋಪಿಯನ್ನರನ್ನು ಸೋಲಿಸಿದ ದಿನ, ಮುಟ್ಟಿದರೆ ಮೈಲಿಗೆ ಅಂತಿದ್ದ ಮಂದಿಯೇ ಅವರನ್ನ ಹೆಗಲ ಮೇಲೆ ಹೊತ್ತು ಮೈದಾನದಿಂದ ಹೊರಗೆ ತಂದರು.