ಹಿಮದಲ್ಲಿ ಟ್ರಯಲ್ಸ್ ಬೈಕ್ ಸವಾರಿ

ಟ್ರಯಲ್ಸ್ ವೇಗದ ಪಂದ್ಯವಲ್ಲ. ಬಂಡೆ, ತೊರೆ, ಕೆಸರು, ಮರದ ಬೇರುಗಳ ನಡುವೆ ಗುರುತು ಹಾಕಿದ ಕಿರುದಾರಿಯನ್ನು ನೆಲಕ್ಕೆ ಕಾಲೂರದೆ ದಾಟುವ ಪಂದ್ಯ. ಒಮ್ಮೆ ಕಾಲೂರಿದರೆ 1 ದಂಡಾಂಕ, ಎರಡು ಸಲಕ್ಕೆ 2, ಅದಕ್ಕೂ ಹೆಚ್ಚಾದರೆ 3, ದಾಟಲಾಗದೆ ಹೋದರೆ 5. ಕಡಿಮೆ ಅಂಕ ಬಿದ್ದವರಿಗೆ ಗೆಲುವು. ಹಿಮ ಬಿದ್ದ ಮೇಲೆ ಈ ಆಟದ ನಿಯಮಗಳು ಬದಲಾಗುವುದಿಲ್ಲ, ಆದರೆ ನೆಲವೇ ಬದಲಾಗಿಬಿಡುತ್ತದೆ.

ಚಳಿಗಾಲದ ಸವಾರಿ ಬ್ರಿಟನ್ನಿನಲ್ಲಿ ಹಳೆಯ ರೂಢಿ. ಅಲ್ಲಿನ ಮೋಟಾರ್ ಸೈಕ್ಲಿಂಗ್ ಕ್ಲಬ್ 1910ರಲ್ಲಿ ಕ್ರಿಸ್ಮಸ್ ಹೊತ್ತಿನಲ್ಲಿ ಆರಂಭಿಸಿದ ಎಕ್ಸಿಟರ್ ಟ್ರಯಲ್ ಈಗಲೂ ಜನವರಿಯಲ್ಲಿ ನಡೆಯುತ್ತದೆ. ಸ್ಕಾಟ್ಲೆಂಡಿನ ಆರು ದಿನಗಳ ಟ್ರಯಲ್ ನಡೆಯುವುದು ಮೇ ತಿಂಗಳಲ್ಲಿ. ಆದರೂ ಅದು ನಡೆಯುವ ಫೋರ್ಟ್ ವಿಲಿಯಂ ಊರಿನ ಮೇಲೆ ನಿಂತ 1,345 ಮೀಟರ್ ಎತ್ತರದ ಬೆನ್ ನೆವಿಸ್ ಶಿಖರದಲ್ಲಿ ಆಗಲೂ ಹಿಮವಿರುತ್ತದೆ. ದೀರ್ಘ ಚಳಿಗಾಲದ ನಾಡುಗಳೂ ಈ ಕ್ರೀಡೆಗೆ ದೊಡ್ಡ ಸವಾರರನ್ನು ಕೊಟ್ಟಿವೆ: ಫಿನ್ಲೆಂಡಿನ ಉರ್ಯೊ ವೆಸ್ಟರಿನೆನ್ 1976ರಿಂದ 1978ರವರೆಗೆ ಸತತ ಮೂರು ಬಾರಿ, ಸ್ವೀಡನ್ನಿನ ಉಲ್ಫ್ ಕಾರ್ಲ್‌ಸನ್ 1980ರಲ್ಲಿ ವಿಶ್ವ ಚಾಂಪಿಯನ್ ಆದರು.

ಚಳಿಯ ಮೊದಲ ಪೆಟ್ಟು ಟೈರಿಗೆ. ಸುಮಾರು 70 ಕಿಲೋ ತೂಕದ ಈ ಬೈಕು ಬಂಡೆಯನ್ನು ಕಚ್ಚಿ ಹಿಡಿಯುವುದು ಮೆದು ರಬ್ಬರು ಮತ್ತು ತೀರ ಕಡಿಮೆ ಗಾಳಿಯ ಬಲದಿಂದ. ಚಳಿಗೆ ರಬ್ಬರು ಬಿರುಸಾಗುತ್ತದೆ. ಗಾಳಿಯ ಲೆಕ್ಕ ಇನ್ನೂ ಮೋಸಗೊಳಿಸುವಂಥದ್ದು. ಮಾಪಕ ತೋರಿಸುವುದು ಹೊರಗಿನ ವಾತಾವರಣಕ್ಕಿಂತ ಹೆಚ್ಚಿರುವ ಒತ್ತಡವನ್ನಷ್ಟೇ. ತಣಿದಾಗ ಕುಗ್ಗುವುದು ಒಟ್ಟು ಒತ್ತಡ. ಹೀಗಾಗಿ 20 ಡಿಗ್ರಿ ಬೆಚ್ಚಗಿನ ಶೆಡ್ಡಿನಲ್ಲಿ 0.3 ಬಾರ್ ತುಂಬಿದ ಹಿಂದಿನ ಟೈರು, ಮೈನಸ್ 10 ಡಿಗ್ರಿಯಲ್ಲಿ ಸುಮಾರು 0.17 ಬಾರ್‌ಗೆ ಇಳಿಯುತ್ತದೆ. ಅಷ್ಟಕ್ಕೆ ಇಳಿದರೆ ರಿಮ್ಮು ಕಲ್ಲಿಗೆ ಬಡಿಯಬಹುದು, ಟೈರಿನ ಅಂಚು ರಿಮ್ಮಿನಿಂದ ಬಿಟ್ಟುಕೊಳ್ಳಬಹುದು. ಗಾಳಿಯನ್ನು ಸವಾರಿಯ ಜಾಗದಲ್ಲಿ, ಬೈಕು ಪೂರ್ತಿ ತಣಿದ ಮೇಲೆಯೇ ನೋಡಬೇಕು. ಮೊಳೆ ಬಡಿದ ಟೈರು ಮಂಜುಗಡ್ಡೆಯ ಮೇಲಿನ ಅಭ್ಯಾಸಕ್ಕೆ ಒದಗುತ್ತದೆ. ಅಂತರರಾಷ್ಟ್ರೀಯ ಟ್ರಯಲ್ಸ್ ನಿಯಮ ಅದನ್ನು ಒಪ್ಪುವುದಿಲ್ಲ.

ಹಿಮದಲ್ಲೂ ಬಗೆಗಳಿವೆ. ಹಿಟ್ಟಿನಂಥ ಹೊಸ ಹಿಮದಲ್ಲಿ ಮುಂದಿನ ಚಕ್ರ ಹೂತುಕೊಳ್ಳುತ್ತದೆ. ಸವಾರ ಮೈಭಾರವನ್ನು ಹಿಂದಕ್ಕೆ ಹಾಕಿ, ಗೇರು ಒಂದು ಮೆಟ್ಟಿಲು ಮೇಲಿಟ್ಟು, ಥ್ರಾಟಲನ್ನು ನವಿರಾಗಿ ತಿರುಗಿಸಿ ಓಟ ಮುರಿಯದಂತೆ ಸಾಗಬೇಕು. ತುಳಿತಕ್ಕೆ ಗಟ್ಟಿಯಾದ ಹಿಮ ಇದಕ್ಕಿಂತ ಸುಲಭ. ಆದರೆ ಹತ್ತಾರು ಬೈಕುಗಳು ಹಾದ ಜಾಡು ನುಣುಪಾಗಿ ಗಾಜಿನಂತಾಗುತ್ತದೆ, ಕೊನೆಗೆ ಬಂದವರ ಪಾಡು ಕಷ್ಟ. ಎಲ್ಲಕ್ಕಿಂತ ಅಪಾಯ, ತೆಳುಹಿಮದ ಕೆಳಗೆ ಅಡಗಿದ ಮಂಜುಗಡ್ಡೆ. ಟ್ರಯಲ್ಸ್‌ನಲ್ಲಿ ದಾರಿಯನ್ನು ಮೊದಲು ನಡೆದು ನೋಡುವ ಪದ್ಧತಿ ಇದ್ದೇ ಇದೆ. ಇಲ್ಲಿ ಕಣ್ಣು ಸಾಲದು, ಕಲ್ಲು ಎಲ್ಲಿದೆ ಎಂದು ಬೂಟಿನ ತುದಿಯಿಂದ ತಡವಬೇಕು. ಥ್ರಾಟಲಿನ ಹದ ಕಲಿಯಲು ಇದಕ್ಕಿಂತ ಒಳ್ಳೆಯ ಪಾಠಶಾಲೆಯಿಲ್ಲ: ಒಂದಿಷ್ಟು ಹೆಚ್ಚು ತಿರುವಿದರೂ ಹಿಂದಿನ ಚಕ್ರ ಆ ಕ್ಷಣವೇ ಜಾರಿ ತಪ್ಪನ್ನು ತೋರಿಸುತ್ತದೆ.

ಎಂಜಿನ್ನಿನ ವಿಷಯವೂ ಇದೆ. ಮೈನಸ್ 10 ಡಿಗ್ರಿಯ ಗಾಳಿ 20 ಡಿಗ್ರಿಯ ಗಾಳಿಗಿಂತ ಸುಮಾರು ಶೇ. 11ರಷ್ಟು ಸಾಂದ್ರ. ಕಾರ್ಬ್ಯುರೇಟರಿನ ಜೆಟ್ ಬದಲಿಸದಿದ್ದರೆ ಪೆಟ್ರೋಲು ಸಾಲದೆ ಟೂ-ಸ್ಟ್ರೋಕ್ ಎಂಜಿನ್ನಿನ ಪಿಸ್ಟನ್ ಕಾದು ಕಚ್ಚಿಕೊಳ್ಳಬಹುದು. ಎಣ್ಣೆ ಮಂದವಾಗಿ ಕ್ಲಚ್ ಪ್ಲೇಟುಗಳು ಅಂಟುತ್ತವೆ. ಕಿಕ್ ಹೊಡೆಯುವ ಮುನ್ನ ಗೇರಿಗೆ ಹಾಕಿ, ಕ್ಲಚ್ ಹಿಡಿದು ಬೈಕನ್ನು ಹಿಂದೆ ಮುಂದೆ ತಳ್ಳಿದರೆ ಅವು ಬಿಡಿಸಿಕೊಳ್ಳುತ್ತವೆ. ಕೇಬಲಿನೊಳಗೆ ಸೇರಿದ ನೀರು ಹೆಪ್ಪುಗಟ್ಟಿದರೆ ಥ್ರಾಟಲ್ ತೆರೆದ ಸ್ಥಿತಿಯಲ್ಲೇ ನಿಲ್ಲುವ ಭಯವಿದೆ. ಸವಾರ ಬಿದ್ದೊಡನೆ ಎಂಜಿನ್ ಆರಿಸುವ, ಮಣಿಕಟ್ಟಿಗೆ ಕಟ್ಟುವ ದಾರದ ಸ್ವಿಚ್ಚನ್ನು ಚಳಿಗಾಲದಲ್ಲಂತೂ ಮರೆಯಲೇಬಾರದು.

ಮೈಗೆ ಚಳಿಗಿಂತ ಬೆವರೇ ಹೆಚ್ಚು ಕಾಡುತ್ತದೆ. ದಾರಿ ದಾಟುವಾಗ ಬೆವರಿ, ಸರದಿಗೆ ಕಾಯುವಾಗ ಅದೇ ಬೆವರು ತಣ್ಣಗಾಗಿ ಸವಾರ ನಡುಗುತ್ತಾನೆ. ಆದ್ದರಿಂದ ಒಂದೇ ದಪ್ಪ ಕೋಟಿಗಿಂತ ಪದರ ಪದರವಾದ ಉಡುಪು ಲೇಸು. ಕೈಗವಸು ಮಾತ್ರ ತೆಳುವಾಗಿರಬೇಕು, ಏಕೆಂದರೆ ಕ್ಲಚ್ಚನ್ನೂ ಬ್ರೇಕನ್ನೂ ಆಡಿಸುವುದು ಒಂದೊಂದೇ ಬೆರಳು, ಆ ಬೆರಳು ಮರಗಟ್ಟಿದರೆ ಅಂದಿನ ಸವಾರಿ ಅಲ್ಲಿಗೆ ನಿಲ್ಲುತ್ತದೆ.