ತಂಬೂರಿಯ ಶ್ರುತಿ ಮತ್ತು ಇರುಳಿನ ಕಥನ: ಮಳವಳ್ಳಿ ಸೀಮೆಯ ನೀಲಗಾರರ ಗಾಯನ

ಮಂಡ್ಯ, ಮದ್ದೂರು, ಮಳವಳ್ಳಿ ಪರಿಸರದ ಸಾಂಸ್ಕೃತಿಕ ಚರಿತ್ರೆಯನ್ನು ಬರೆದವರು ಮಂಟೇಸ್ವಾಮಿ ಪರಂಪರೆಯನ್ನು ಅಲಕ್ಷಿಸಿದ್ದಾರೆಂದು ಹೇಳುವಂತಿಲ್ಲ. ಇದೇ ಜಿಲ್ಲೆಯವರಾದ ಜೀ.ಶಂ. ಪರಮಶಿವಯ್ಯನವರು ದಕ್ಷಿಣ ಕರ್ನಾಟಕದ ವೃತ್ತಿಗಾಯಕರ ಅಧ್ಯಯನಕ್ಕೆ ಭದ್ರವಾದ ತಳಹದಿ ಹಾಕಿದರು. 1990ರ ದಶಕದಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯವು ಹಿ.ಚಿ. ಬೋರಲಿಂಗಯ್ಯನವರ ಸಂಪಾದಕತ್ವದಲ್ಲಿ ಕಾವ್ಯದ ಬೃಹತ್ ಪಾಠವೊಂದನ್ನು ಹೊರತಂದಿತು. ಎಚ್.ಎಸ್. ಶಿವಪ್ರಕಾಶರ 'ಮಂಟೇಸ್ವಾಮಿ ಕಥಾಪ್ರಸಂಗ' ನಾಟಕದ ಮೂಲಕ ಈ ಕಥೆ ನಗರದ ರಂಗಮಂದಿರಗಳನ್ನೂ ಪ್ರವೇಶಿಸಿತು. ಆದರೆ ಕಾವ್ಯದ ಮಾತಿಗೆ ದೊರೆತ ಗಮನವು ಆ ಮಾತನ್ನು ಇರುಳಿಡೀ ಹೊತ್ತು ಸಾಗುವ ನಾದಕ್ಕೆ ದೊರೆತಿಲ್ಲ. ತಂಬೂರಿಯನ್ನು ನಾವು ವಾದ್ಯಗಳ ಪಟ್ಟಿಯಲ್ಲಿ ಒಂದು ಹೆಸರಾಗಿ ನಮೂದಿಸಿ ಮುಂದೆ ಸಾಗಿದ್ದೇವೆ. ಈ ಲೇಖನದ ಕಾಳಜಿ ಆ ಒಂದು ಹೆಸರಿಗೆ ಸಂಬಂಧಿಸಿದ್ದು.

ಪರಂಪರೆಯ ನೆಲೆಗಳನ್ನು ಮೊದಲು ನೆನಪಿಸಿಕೊಳ್ಳಬಹುದು. ಮಂಟೇಸ್ವಾಮಿಯ ಪ್ರಧಾನ ಮಠವಿರುವುದು ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರದಲ್ಲಿ. ಶಿಷ್ಯರಲ್ಲಿ ರಾಚಪ್ಪಾಜಿಯ ಗದ್ದುಗೆ ಮೈಸೂರು ಜಿಲ್ಲೆಯಲ್ಲಿ ಕಾವೇರಿ ದಂಡೆಯ ಕಪ್ಪಡಿಯಲ್ಲಿದೆ. ಸಿದ್ಧಪ್ಪಾಜಿಯದು ಚಾಮರಾಜನಗರ ಜಿಲ್ಲೆಯ ಚಿಕ್ಕಲ್ಲೂರಿನಲ್ಲಿ. ಸಿದ್ಧಪ್ಪಾಜಿಯ ಪೂರ್ವಾಶ್ರಮದ ಹೆಸರು ಕೆಂಪಾಚಾರಿ. ಮದ್ದೂರು ಸೀಮೆಯ ನಿಡುಘಟ್ಟದ ಪಾಂಚಾಳ ಮನೆತನದ ಈ ಮಗನನ್ನು ಮಂಟೇಸ್ವಾಮಿ ಬೇಡಿ ಶಿಷ್ಯನಾಗಿ ಪಡೆದನೆಂದು ಕಾವ್ಯ ಹೇಳುತ್ತದೆ. ಮುಂದೆ ಇದೇ ಶಿಷ್ಯನು ಮಠಕ್ಕಾಗಿ ಕಬ್ಬಿಣದ ಭಿಕ್ಷೆ ಬೇಡಲು ಹೋಗುವುದು ಮಳವಳ್ಳಿ ತಾಲ್ಲೂಕಿನ ಹಲಗೂರಿಗೆ. ಅಲ್ಲಿನ ಪಾಂಚಾಳರು, ಅಂದರೆ ಅವನ ಕುಲಬಾಂಧವರೇ, ಕಬ್ಬಿಣ ಕೊಡಲೊಲ್ಲದೆ ಅವನನ್ನು ಬಗೆಬಗೆಯ ಹಿಂಸೆಗೆ ಒಡ್ಡುತ್ತಾರೆ. ಕಾವ್ಯದ ಕಲ್ಯಾಣಪಟ್ಟಣ ದೂರದ್ದು, ಹನ್ನೆರಡನೆಯ ಶತಮಾನದ್ದು. ಹಲಗೂರಾದರೋ ಕೇಳುಗನು ಸಂತೆಗೆ ಹೋಗಿ ಬರುವ ಊರು. ನಾದದ ವಿಚಾರಕ್ಕೆ ಬಂದಾಗ ಈ ಸಾಮೀಪ್ಯ ಮುಖ್ಯವಾಗುತ್ತದೆ.

ಇನ್ನೊಂದು ಸಂಗತಿಯನ್ನು ಪ್ರಾಸಂಗಿಕವಾಗಿ ಹೇಳಬೇಕು. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಕೊಳ್ಳೇಗಾಲ ಪ್ರದೇಶವು ಮದ್ರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಹೀಗಾಗಿ ಮಠ ಮೈಸೂರು ಸಂಸ್ಥಾನದಲ್ಲಿ, ಚಿಕ್ಕಲ್ಲೂರಿನ ಗದ್ದುಗೆ ಬ್ರಿಟಿಷ್ ಆಡಳಿತದಲ್ಲಿ ಇದ್ದವು. ಜನವರಿಯ ಹುಣ್ಣಿಮೆಯ ಆಸುಪಾಸಿನಲ್ಲಿ ನಡೆಯುವ ಚಿಕ್ಕಲ್ಲೂರು ಜಾತ್ರೆಗೆ ಮಳವಳ್ಳಿ ಕಡೆಯಿಂದ ಹೊರಟವರು ಅಂದು ಒಂದು ಸರ್ಕಾರದ ನೆಲದಿಂದ ಇನ್ನೊಂದರ ನೆಲಕ್ಕೆ ಹೋಗುತ್ತಿದ್ದರು. ತಂಬೂರಿ ಹಿಡಿದವನಿಗೆ ಇದು ತೊಡಕಾಗಿರಲಾರದು. ಆದರೆ ಎರಡು ಆಡಳಿತಗಳ ಕಡತಗಳಲ್ಲಿ ಹಂಚಿಹೋದ ಪರಂಪರೆಯನ್ನು ಒಂದಾಗಿ ಕಾಣಲು ಚರಿತ್ರಕಾರರಿಗೆ ತಡವಾದದ್ದಕ್ಕೆ ಇದೂ ಒಂದು ಕಾರಣವಿರಬಹುದು.

ನೀಲಗಾರರು ಮಂಟೇಸ್ವಾಮಿಯ ಒಕ್ಕಲಿನಲ್ಲಿ ದೀಕ್ಷೆ ಪಡೆದ ಗಾಯಕರು. 'ಲೀಲೆಗಾರ' ಎಂಬುದೇ 'ನೀಲಗಾರ' ಆಯಿತೆಂಬ ವಿವರಣೆಯೂ ಉಂಟು. ಇವರಲ್ಲಿ ಪರಿಶಿಷ್ಟ ಜಾತಿಯವರು ಹೆಚ್ಚು. ಇತರ ಸಮುದಾಯದವರೂ ಇದ್ದಾರೆ. ಮಾದೇಶ್ವರನ ದೇವರಗುಡ್ಡರಿಗೆ ಕಂಸಾಳೆ ಹೇಗೋ ನೀಲಗಾರರಿಗೆ ತಂಬೂರಿ ಹಾಗೆ. ಈ ವ್ಯತ್ಯಾಸ ಕೇವಲ ವಾದ್ಯದ್ದಲ್ಲ. ಕಂಸಾಳೆಯ ನಾದ ಹೊಡೆತದಿಂದ ಹುಟ್ಟಿ ಮೈಯನ್ನು ಕುಣಿತಕ್ಕೆ ಎಬ್ಬಿಸುತ್ತದೆ. ತಂಬೂರಿಯ ನಾದಕ್ಕೆ ಆರಂಭವೂ ಅಂತ್ಯವೂ ಇದ್ದಂತೆ ತೋರುವುದಿಲ್ಲ. ಒಂದು ತಂತಿಯ ನಾದ ಆರುವ ಮೊದಲೇ ಮತ್ತೊಂದು ಅದರೊಳಗೆ ಬೆರೆಯುತ್ತದೆ. ಕೇಳುತ್ತ ಹೋದಂತೆ ಅದು ಕಿವಿಗೆ ಬೀಳುವ ಶಬ್ದವಾಗಿ ಉಳಿಯದೆ ಕುಳಿತ ಜಾಗದ ಗುಣವೇ ಆಗಿಬಿಡುತ್ತದೆ.

ಶಾಸ್ತ್ರೀಯ ಕಛೇರಿಯಲ್ಲಿ ತಂಬೂರಿ ಸಾಮಾನ್ಯವಾಗಿ ಗಾಯಕನ ಹಿಂದೆ ಕುಳಿತವರ ಕೈಯಲ್ಲಿರುತ್ತದೆ. ನೀಲಗಾರರಲ್ಲಿ ಮುಮ್ಮೇಳದ ಕಥೆಗಾರನೇ ಅದನ್ನು ಹೆಗಲಿಗೆ ಆನಿಸಿಕೊಂಡಿರುತ್ತಾನೆ. ಒಂದು ಕೈ ತಂತಿ ಮೀಟಿದರೆ ಇನ್ನೊಂದು ಕೈ ಗಗ್ಗರವನ್ನು ಆಡಿಸುತ್ತದೆ. ಹಿಮ್ಮೇಳದವರು ದಮ್ಮಡಿ ನುಡಿಸುತ್ತ ಸೊಲ್ಲು ಹಿಡಿಯುತ್ತಾರೆ. ಹಾಡು ನಿಂತು ಗದ್ಯದ ಮಾತು ಬಂದಾಗಲೂ ಶ್ರುತಿ ನಿಲ್ಲುವುದಿಲ್ಲ. ಹಾಡಿನಿಂದ ಮಾತಿಗೆ, ಮಾತಿನಿಂದ ಅಳುವಿಗೆ, ಅಳುವಿನಿಂದ ಹಾಸ್ಯಕ್ಕೆ ಕಥೆಗಾರ ದಾಟುವುದು ಈ ಎಳೆಯ ಆಧಾರದಿಂದಲೇ. ಇರುಳಿಡೀ ಹಾಡುವವನ ಗಂಟಲಿಗೂ ಇದು ಒರಗುಗೋಡೆ. ಸೊಲ್ಲು ಹಿಮ್ಮೇಳಕ್ಕೆ ಹೋದಾಗ ಅವನು ಉಸಿರು ತೆಗೆದುಕೊಳ್ಳುತ್ತಾನೆ, ಮುಂದಿನ ಸಾಲನ್ನು ಮನಸ್ಸಿನಲ್ಲಿ ಕಟ್ಟಿಕೊಳ್ಳುತ್ತಾನೆ. ಬರೆದಿಡದ ಇಷ್ಟು ದೊಡ್ಡ ಕಾವ್ಯವು ನೆನಪಿನಲ್ಲಿ ಉಳಿದುಬಂದದ್ದರಲ್ಲಿ ಆ ಬಿಡುವಿನ ಪಾತ್ರ ಸಣ್ಣದಲ್ಲವೆಂದು ನನ್ನ ಭಾವನೆ.

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಇಂಥದೇ ನಾದವನ್ನು ಪಶ್ಚಿಮದ ಸಂಗೀತಗಾರರು ಬೇರೆ ದಾರಿಯಿಂದ ಹುಡುಕಿಕೊಂಡು ಬಂದರು. ಅಮೆರಿಕದ ಲಾ ಮಾಂಟ್ ಯಂಗ್ ಮತ್ತು ಟೆರ್ರಿ ರೈಲಿ 1970ರಲ್ಲಿ ಕಿರಾನಾ ಘರಾಣೆಯ ಪಂಡಿತ್ ಪ್ರಾಣನಾಥರ ಶಿಷ್ಯರಾದರು. 1971ರಲ್ಲಿ ಬಂದ ಆಲಿಸ್ ಕೋಲ್ಟ್ರೇನ್ ಅವರ ಧ್ವನಿಮುದ್ರಿಕೆಯಲ್ಲಿ ತಂಬೂರಿಯ ಶ್ರುತಿಯೇ ನೆಲಗಟ್ಟು. 1978ರಲ್ಲಿ ಇಂಗ್ಲೆಂಡಿನ ಬ್ರಯನ್ ಈನೋ ತಮ್ಮ ವಿಮಾನನಿಲ್ದಾಣದ ಸಂಗೀತಕ್ಕೆ 'ಆಂಬಿಯೆಂಟ್' ಎಂಬ ಹೆಸರಿಟ್ಟರು: ಗಮನವಿಟ್ಟು ಕೇಳಿದರೂ ಸರಿ, ಹಿನ್ನೆಲೆಯಲ್ಲಿ ಇದ್ದುಕೊಂಡರೂ ಸರಿ ಎಂಬ ಬಗೆಯದು. ಇದೇ ದಶಕದ ಕೊನೆಯಲ್ಲಿ ಬೆಂಗಳೂರಿನ ಎಂಜಿನಿಯರ್ ಜಿ. ರಾಜ್ ನಾರಾಯಣ್ ವಿದ್ಯುನ್ಮಾನ ತಂಬೂರಿಯನ್ನು ರೂಪಿಸಿದರು. ಮೀಟುವ ಕೈಯ ಹಂಗಿಲ್ಲದೆ ಶ್ರುತಿ ಹರಿಯತೊಡಗಿತು. ಇಂದು ಧ್ಯಾನ ಸಂಗೀತವೆಂಬ ಹೆಸರಿನಲ್ಲಿ ಪ್ರಪಂಚದಾದ್ಯಂತ ಕೇಳಿಬರುವ ನಾದದಲ್ಲಿ ಮಾತಿಲ್ಲ, ಕಥೆಯಿಲ್ಲ, ಊರಿನ ಹೆಸರಿಲ್ಲ. ಕೇಳುಗನನ್ನು ಲೋಕದಿಂದ ಬಿಡಿಸಿ ಒಳಗೆ ಕರೆದೊಯ್ಯುವುದು ಅದರ ಉದ್ದೇಶ. ಅದನ್ನು ಹಳಿಯುವ ಅಗತ್ಯ ನನಗೆ ಕಾಣುವುದಿಲ್ಲ. ಆದರೆ ನಿರಂತರ ಶ್ರುತಿಯ ಸಹಜ ಫಲವೇ ಲೋಕವಿಮುಖತೆ ಎಂದು ಯಾರಾದರೂ ಭಾವಿಸಿದರೆ ಮಳವಳ್ಳಿ ಸೀಮೆ ಅದಕ್ಕೆ ಒಪ್ಪುವುದಿಲ್ಲ.

ನೀಲಗಾರನ ತಂಬೂರಿ ಕೇಳುಗನನ್ನು ಹಲಗೂರಿನ ಕುಲುಮೆಯ ಮುಂದೆ ತಂದು ನಿಲ್ಲಿಸುತ್ತದೆ. ಅಲ್ಲಿ ಭಿಕ್ಷೆ ಬೇಡಿದವನಿಗೆ ಅವಮಾನವಾಗುತ್ತದೆ, ಕೊಡಬಲ್ಲವನು ಕೊಡುವುದಿಲ್ಲ. ಕಲ್ಯಾಣದ ಸಾಲಿನಲ್ಲೂ ಇದೇ ಕಥೆ: ಕುಷ್ಠರೋಗಿಯ ರೂಪದಲ್ಲಿ ಬಂದ ಗುರುವನ್ನು ಶರಣರ ಪಟ್ಟಣ ಬಾಗಿಲಲ್ಲೇ ತಡೆಯುತ್ತದೆ. ಹಾಡುವವರೂ ಕೇಳುವವರೂ ಇಂಥ ಬಾಗಿಲುಗಳನ್ನು ತಮ್ಮ ಊರಿನಲ್ಲಿ ಕಂಡವರು. ಸಿದ್ಧಪ್ಪಾಜಿಯ ಪಾಡು ಮೇಲೇರಿ ಇಳಿಯುವಾಗ ಕೆಳಗಿನ ನಾದ ಮಾತ್ರ ಏರುವುದಿಲ್ಲ, ಇಳಿಯುವುದಿಲ್ಲ. ಆ ಸ್ಥಿರತೆಯಿಂದಾಗಿಯೇ ಸಂಕಟದ ಕಥೆಯನ್ನು ಅರ್ಧಕ್ಕೆ ಎದ್ದುಹೋಗದೆ ಕೇಳಲು ಸಾಧ್ಯವಾಗುತ್ತದೆ. ಇಲ್ಲಿ ಏಕಾಗ್ರತೆ ಎಂದರೆ ಎಚ್ಚರವಾಗಿರುವುದು. ನಿದ್ದೆಗೆ ಜಾರಿದವನನ್ನು ಸೊಲ್ಲು ಎಬ್ಬಿಸುತ್ತದೆ.

ಮುದ್ರಿತ ಪಾಠದಲ್ಲಿ ಸೊಲ್ಲು ಒಮ್ಮೆ ಬಂದು ಮುಂದೆ ಬಿಟ್ಟುಹೋಗುವುದು ಸಾಮಾನ್ಯ. ಪುಟ ಉಳಿಸಲು ಸಂಪಾದಕರು ಹಾಗೆ ಮಾಡುವುದು ಅನಿವಾರ್ಯವೂ ಹೌದು. ಮೌನದ ಕ್ಷಣಗಳು, ಶ್ರುತಿ ಸರಿಪಡಿಸುವ ವಿರಾಮಗಳು ಅಚ್ಚಿನಲ್ಲಿ ಬರುವುದೇ ಇಲ್ಲ. ಧ್ವನಿಸುರುಳಿಯ ಕಾಲದಲ್ಲಿ ಮಳವಳ್ಳಿ ಮಹದೇವಸ್ವಾಮಿಯವರಂಥ ಗಾಯಕರ ಕಂಠವು ಜಾತ್ರೆಗೆ ಹೋಗಲಾಗದವರ ಮನೆಗಳನ್ನು ತಲುಪಿತು. ಇದು ದೊಡ್ಡ ಉಪಕಾರವೇ. ಆದರೆ ಅರವತ್ತು ನಿಮಿಷದ ಸುರುಳಿಯ ಒಂದು ಮುಖಕ್ಕೆ ದೊರೆಯುವುದು ಅರ್ಧ ಗಂಟೆ. ಅಷ್ಟರೊಳಗೆ ಕಥೆ ಮುಂದೆ ಸಾಗಲೇಬೇಕಾದಾಗ ಮೊದಲು ಕತ್ತರಿ ಬೀಳುವುದು ಮಾತಿಲ್ಲದ ಶ್ರುತಿಗೆ, ಮರುಕಳಿಸುವ ಸೊಲ್ಲಿಗೆ.

ನಮ್ಮ ಅಕಾಡೆಮಿಗಳ ಮುಂದೆ ಇರುವ ಕೆಲಸ ಇನ್ನೊಂದು ಪಠ್ಯ ಸಂಪಾದನೆಯಷ್ಟೇ ಅಲ್ಲ. ಬೊಪ್ಪೇಗೌಡನಪುರದಲ್ಲೋ ಚಿಕ್ಕಲ್ಲೂರಿನಲ್ಲೋ ಒಂದು ಮೇಳದ ಒಂದು ಇಡೀ ಇರುಳನ್ನು ಎಲ್ಲಿಯೂ ನಿಲ್ಲಿಸದೆ, ಏನನ್ನೂ ಕತ್ತರಿಸದೆ ಧ್ವನಿಮುದ್ರಿಸಬೇಕಾಗಿದೆ: ಮುಸ್ಸಂಜೆಯಲ್ಲಿ ಶ್ರುತಿ ಕೂಡಿಸುವುದರಿಂದ ತೊಡಗಿ, ನಡುರಾತ್ರಿ ಸಡಿಲಿದ ತಂತಿಯನ್ನು ಕಥೆಗಾರ ಮಾತಾಡುತ್ತಲೇ ಬಿರಡೆ ತಿರುಗಿಸಿ ಬಿಗಿದುಕೊಳ್ಳುವವರೆಗೆ, ಬೆಳಕು ಹರಿದಾಗ ಅವನು ತಂಬೂರಿಯನ್ನು ಹೆಗಲಿನಿಂದ ಇಳಿಸುವವರೆಗೆ.