ಸೂಳೆಕೆರೆಯ ಏರಿ ಮತ್ತು ಭದ್ರತೆಯ ಲೆಕ್ಕ

ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ (ಶಾಂತಿಸಾಗರ) ಎಂಟು ಶತಮಾನಗಳಿಗೂ ಹಳೆಯದೆಂದು ಹೇಳುತ್ತಾರೆ. ಹರಿದ್ರಾ ಹಳ್ಳಕ್ಕೆ ಅಡ್ಡಲಾಗಿ, ಎರಡು ಗುಡ್ಡಗಳ ನಡುವಿನ ಇಕ್ಕಟ್ಟಾದ ಜಾಗದಲ್ಲಿ ಇದರ ಏರಿ ಇದೆ. ಏರಿಯ ಉದ್ದ ಕಡಿಮೆ, ಅಗಲ ಹೆಚ್ಚು. ಮುಂದೆ ಎಂಥ ಮಳೆ ಬಂದೀತೆಂಬ ಅನಿಶ್ಚಯವನ್ನು ಕಟ್ಟಿದವರು ಸ್ಥಳದ ಆಯ್ಕೆಯಿಂದಲೂ ಅಗಲದಿಂದಲೂ ಎದುರಿಸಿದರು.

ಯಾವುದೇ ವರ್ಷ ಏರಿ ಒಡೆಯುವ ಸಂಭವ 100ರಲ್ಲಿ 1 ಎಂದುಕೊಳ್ಳೋಣ. ಆಗ ಅದು 800 ವರ್ಷ ಉಳಿಯುವ ಸಂಭವ 0.99ರ 800ನೆಯ ಘಾತ. ಅಂದರೆ 10,000ದಲ್ಲಿ ಸುಮಾರು 3 ಮಾತ್ರ. ಹಾಗಾದರೆ ಹಳಬರೆಲ್ಲ ಭದ್ರವಾಗಿಯೇ ಕಟ್ಟುತ್ತಿದ್ದರೆ? ಹಾಗೆನ್ನುವಂತಿಲ್ಲ. ಹೊನ್ನಾಳಿಯ ಪಶ್ಚಿಮಕ್ಕೆ, ಮಾಸೂರಿನ ಬಳಿ ಕುಮುದ್ವತಿಗೆ ಕಟ್ಟಿದ್ದ ವಿಶಾಲವಾದ ಮದಗದ ಕೆರೆ ಒಡೆದುಹೋಗಿತ್ತು. ಉಳಿದ ಕೆರೆಗಳನ್ನಷ್ಟೇ ಎಣಿಸಿದರೆ ಲೆಕ್ಕ ತಪ್ಪುತ್ತದೆ.

ಎಂಜಿನಿಯರುಗಳು ಬಹುಕಾಲ ನಂಬಿದ್ದು 'ಭದ್ರತಾ ಗುಣಕ'ವನ್ನು. ರಚನೆಯ ಸಾಮರ್ಥ್ಯವು ಹೊರೆಯ ಒಂದೂವರೆ ಪಟ್ಟು ಇದ್ದರೆ ಗುಣಕ 1.5. 1926ರಲ್ಲಿ ಜರ್ಮನಿಯ ಮ್ಯಾಕ್ಸ್ ಮೇಯರ್, 1940ರ ದಶಕದಲ್ಲಿ ಆಲ್ಫ್ರೆಡ್ ಫ್ರಾಯ್ಡೆಂತಾಲ್ ಇದನ್ನು ಸಂಭವನೀಯತೆಯ ದೃಷ್ಟಿಯಿಂದ ಪ್ರಶ್ನಿಸಿದರು. 1969ರಲ್ಲಿ ಅಮೆರಿಕದ ಅಲಿನ್ ಕಾರ್ನೆಲ್ 'ವಿಶ್ವಾಸಾರ್ಹತಾ ಸೂಚ್ಯಂಕ'ವನ್ನು ಮುಂದಿಟ್ಟರು. ಸರಾಸರಿ ಸಾಮರ್ಥ್ಯ 30, ಸರಾಸರಿ ಹೊರೆ 20, ಇವುಗಳ ಮಾನಕ ವಿಚಲನೆ ಕ್ರಮವಾಗಿ 3 ಮತ್ತು 4 ಇರಲಿ. ಸೂಚ್ಯಂಕ (30-20)/5, ಅಂದರೆ 2. ಪ್ರಸಾಮಾನ್ಯ ವಿತರಣೆಯಲ್ಲಿ ಕುಸಿಯುವ ಸಂಭವ ಶೇ. 2.3. ಹೊರೆಯ ವಿಚಲನೆ 8 ಆದರೆ ಸಂಭವ ಶೇ. 12ಕ್ಕೆ ಏರುತ್ತದೆ. ಗುಣಕ ಮಾತ್ರ 1.5 ಆಗಿಯೇ ಉಳಿದಿರುತ್ತದೆ!

ಮಳೆ ಕಡಿಮೆಯಿರುವ ಕಡೆ ಅದರ ಏರಿಳಿತ ಸಾಮಾನ್ಯವಾಗಿ ಹೆಚ್ಚು. ಆದ್ದರಿಂದ ಹೊನ್ನಾಳಿ, ನ್ಯಾಮತಿಗಳಿಗೆ ಸಾಕಾದ ಗುಣಕ ಬರಪೀಡಿತ ಜಗಳೂರಿಗೂ ಸಾಕೆನ್ನಲಾಗದು.

ಭಾರತದ ಕಾಂಕ್ರೀಟ್ ಸಂಹಿತೆ ಐಎಸ್ 456 ತನ್ನ 1978ರ ಆವೃತ್ತಿಯಲ್ಲಿ ಮಿತಿ-ಸ್ಥಿತಿ ವಿಧಾನವನ್ನು ಸೇರಿಸಿತು. ಪರೀಕ್ಷಾ ಫಲಿತಾಂಶಗಳಲ್ಲಿ ಶೇ. 5ಕ್ಕಿಂತ ಹೆಚ್ಚು ಯಾವ ಮಟ್ಟಕ್ಕಿಂತ ಕೆಳಗಿಳಿಯವೋ, ಅದೇ ಕಾಂಕ್ರೀಟಿನ ಲಾಕ್ಷಣಿಕ ಸಾಮರ್ಥ್ಯ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಆರ್. ಎನ್. ಅಯ್ಯಂಗಾರ್, ಸಿ. ಎಸ್. ಮನೋಹರ್ ಮೊದಲಾದವರು ಯಾದೃಚ್ಛಿಕ ಕಂಪನಗಳನ್ನು ಅಧ್ಯಯನ ಮಾಡಿದರು.

ಏರಿ ಎತ್ತರಿಸಿ, ಕೋಡಿ ಅಗಲಿಸಿದಂತೆ ವೆಚ್ಚ ಏರುತ್ತದೆ, ಅಪಾಯ ಇಳಿಯುತ್ತದೆ. ವೆಚ್ಚವೂ ಸಂಭವನೀಯ ನಷ್ಟವೂ ಸೇರಿ ಕನಿಷ್ಠವಾಗುವ ವಿನ್ಯಾಸವೇ ಅತ್ಯನುಕೂಲ. ಆದರೆ ಪ್ರಾಣಕ್ಕೆ ಬೆಲೆ ಕಟ್ಟಲಾಗದು. ಆದ್ದರಿಂದ ಒಡೆಯುವ ಸಂಭವ ಎಷ್ಟನ್ನು ಮೀರಬಾರದೆಂದು ಮೊದಲು ನಿರ್ಧರಿಸಿ, ಆಮೇಲೆ ವೆಚ್ಚ ಉಳಿಸಬೇಕು. ಆ ಮಿತಿ ಎಷ್ಟಿರಬೇಕೆಂಬ ಮಾತಿನಲ್ಲಿ ಏರಿಯ ಕೆಳಗೆ ಬದುಕುವವರಿಗೂ ಪಾಲಿರಬೇಕು.